ಗಾಳಿ ಇದೆ

ಚಿತ್ರದುರ್ಗದಲ್ಲಿ ಗಾಳಿ ಇದೆ ಎಂದು
ಬೋರ್ಡು ಬರೆದು ನೇತುಹಾಕಿದ್ದಾರೆ.
ಟಿಕೆಟ್ ಕಿಂಡಿಯ ಹುಡುಗ ಅದನ್ನೇ ತೋರಿಸುತ್ತಾನೆ,
ಬಾಯಿ ತೆರೆಯುವ ಖರ್ಚೂ ಇಲ್ಲ.

ಎರಡು ಸಾವಿರದ ನಾನೂರು ರೂಪಾಯಿ, ವರ್ಷದ ಪಾಸು.
ಗುಡ್ಡದ ನೆತ್ತಿಯಿಂದ ಆಚೆ ಬಂಡೆಯವರೆಗೆ
ಉಕ್ಕಿನ ಹಗ್ಗದಲ್ಲಿ ಜೋತುಬಿದ್ದು ಜಾರುವುದು:
ಮೂವತ್ತೆಂಟು ಸೆಕೆಂಡು.
ಎಷ್ಟು ಸಲ ಬೇಕಾದರೂ ಜಾರಿ, ಎಂದಿತ್ತು ಕರಪತ್ರ.
ಮಾರ್ಚಿನಿಂದ ಈ ಶ್ರಾವಣದವರೆಗೆ ನಾನು ಜಾರಿದ್ದು ನಾಲ್ಕು ಸಲ.
ಸಲಕ್ಕೆ ಆರುನೂರು.
ಭಾಗಾಕಾರ ಮಾಡಿದ್ದು ಮಿರ್ಚಿ ಕಟ್ಟಿಕೊಟ್ಟ ಕಾಗದದ ಮೇಲೆ,
ಎಣ್ಣೆ ಹತ್ತಿ ಸೊನ್ನೆಯೊಂದು ಅಳಿಸಿಹೋಗಿ
ಅರೆಗಳಿಗೆ, ಅರವತ್ತೇ ಅಂತ ಖುಷಿಪಟ್ಟೆ.

ಪಾಸಿನ ಹಿಂದೆ ಇರುವೆಸಾಲಿನಂಥ ಅಕ್ಷರ.
ಭಾನುವಾರ ನಡೆಯುವುದಿಲ್ಲ. ಹಬ್ಬಕ್ಕೆ ನಡೆಯುವುದಿಲ್ಲ.
ಹಬ್ಬದ ಹಿಂದಿನ ದಿನ, ಮರುದಿನ ನಡೆಯುವುದಿಲ್ಲ.
ಕೊಟ್ಟ ಹಣ ಯಾವ ಕಾರಣಕ್ಕೂ ಹಿಂದಿರುಗುವುದಿಲ್ಲ.
ನಮ್ಮ ಎಕ್ಸ್‌ರೇ ಕೋಣೆಗೆ ಒಯ್ದು
ದೀಪದ ಪೆಟ್ಟಿಗೆಗೆ ಒತ್ತಿ ಹಿಡಿದು ಓದಿದೆ;
ಮೂಳೆ ಎಲ್ಲೂ ಕಾಣಲಿಲ್ಲ.

ಹೌದು, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು ನಾನು.
ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಅರವತ್ತು ಎದೆಗಳಿಗೆ
ಉಸಿರು ಹಿಡಿಯಿರಿ, ಅಲ್ಲಾಡಬೇಡಿ, ಅಂದು ಅಂದು
ನನ್ನದೂ ಎಲ್ಲೋ ಅರ್ಧಕ್ಕೇ ನಿಂತಿದೆ ಅನಿಸಿ
ಮಂಗಳವಾರದ ರಜೆಗೆಂದು ಪಾಸು ಮಾಡಿಸಿದೆ.
ಮನೆಯವರು ಕೇಳಿದರು: ನಲವತ್ತಾರಕ್ಕೆ ಕೋತಿಬುದ್ಧಿಯಾ?
ದುರ್ಗದಲ್ಲಿ ಹುಟ್ಟಿದವರಿಗೆ ಅದೊಂದು ಬೈಗುಳವೇ?

ಮಂಗಳವಾರದ ಪಾಸಿನವರು ನಾವು ಐದು ಜನ.
ಹೊಳಲ್ಕೆರೆಯಿಂದ ಬಸ್ಸಲ್ಲಿ ಬರುವ ಡ್ರಾಯಿಂಗ್ ಮೇಷ್ಟ್ರು ಗುರುಶಾಂತಪ್ಪ,
ಟೈರ್ ಅಂಗಡಿಯ ನೂರುಲ್ಲಾ, ಅವನ ತಂಗಿ ಶಮೀನಾ,
ಮತ್ತೆ ಮಾತೇ ಆಡದ ಪಾಲಯ್ಯ.
ಗಾಳಿಯಂತ್ರದ ಕಂಬ ಹತ್ತಿ
ಎಂಬತ್ತು ಮೀಟರ್ ಮೇಲೆ ಗ್ರೀಸ್ ಹಚ್ಚುವುದೇ ಅವನ ಕೆಲಸ.
ಮೊನ್ನೆ ಅವನಿಗೂ ಹೇಳಿದರು: ಗಾಳಿ ಇದೆ, ಅಪಾಯ.
ಪಾಲಯ್ಯ ತಲೆ ಎತ್ತಿ ಜೋಗಿಮಟ್ಟಿ ಕಡೆ ನೋಡಿದ.
ರೆಕ್ಕೆ ಒಂದೂ ತಿರುಗುತ್ತಿರಲಿಲ್ಲ.
ಆಗಲೂ ಮಾತಾಡಲಿಲ್ಲ.

ಮ್ಯಾನೇಜರ್ ಧನ್ಯಕುಮಾರರು ಒಳ್ಳೆಯವರೇ, ಮಜ್ಜಿಗೆ ಕೊಡಿಸುತ್ತಾರೆ.
ನಿಯಮ ಮೇಡಂ, ಅನ್ನುತ್ತಾರೆ, ಮೇಲಿನಿಂದ ಬಂದದ್ದು.
ಮೇಲೆ ಅಂದರೆ ಎಲ್ಲಿ?
ಅವರು ಫ್ಯಾನ್ ನೋಡುತ್ತಾರೆ.
ಅವತ್ತೇ ಮೂರು ಬಿಳಿ ಕಾರು ಬಂದವು,
ಸಫಾರಿ ತೊಟ್ಟವರು, ಅವರ ಮಕ್ಕಳು, ಮಕ್ಕಳ ಐಸ್‌ಕ್ರೀಂ.
ಗಾಳಿ ನಿಂತಿತು ನೋಡಿ! ಬೋರ್ಡು ಗೋಡೆಗೆ ಮುಖ ತಿರುವಿತು.
ಒಂದೂವರೆ ತಾಸು ಹಗ್ಗ ನಮ್ಮ ತಲೆ ಮೇಲೆ ಗುಂಯ್ ಅಂದಿತು.
ಕಾರು ಹೊರಟವು. ಗಾಳಿ ಬಂತು.

ಹಗ್ಗದ ಹುಡುಗ ನಿಂಗರಾಜ ಮೆಲ್ಲಗೆ ಅಂದ:
ಗಾಳೀದು ಏನೂ ಇಲ್ಲಕ್ಕ. ಇರೋದು ಒಂದೇ ರಾಟೆ,
ಇನ್ನೊಂದು ಸವೆದು ಮೂರು ತಿಂಗಳು. ಅದನ್ನ ಬರೆಯೋಕಾಗುತ್ತಾ?
ಗಾಳಿ ಅಂತ ಬರೆದರೆ
ಗಾಳಿ ಬಂದು ಯಾಕೆ ಅಂತ ಕೇಳಲ್ಲ.

ದೂರಿನ ಪುಸ್ತಕ ಹುಡುಕಿಸಿ ತೆಗೆಸಿ ಎರಡು ಪುಟ ಬರೆದೆ,
ರಾಟೆಯ ಮಾತು ಬಿಟ್ಟು; ನಿಂಗರಾಜನ ಹೊಟ್ಟೆಪಾಡು.
ಸಹಿ ಹಾಕುವಷ್ಟರಲ್ಲಿ ಪುಟ ತಾನೇ ಮಗುಚಿತು.
ಹಿಂದೆ ನನ್ನದೇ ಕೈಬರಹ, ಏಪ್ರಿಲಿನದು.
ಅದರ ಹಿಂದೆ ಮೇಷ್ಟ್ರದು, ಬರೀ ಚಿತ್ರ:
ಹಗ್ಗ, ಹಗ್ಗದಲ್ಲಿ ಒಂಟಿಯಾಗಿ ಜಾರುತ್ತಿರುವ ಪಾಸು.

ಇಷ್ಟೆಲ್ಲ ಆಗಿಯೂ, ಆ ನಾಲ್ಕು ಸಲ!
ಕಾಲ ಕೆಳಗೆ ಬಂಡೆ, ಸೀತಾಫಲದ ಪೊದೆ, ಯಾರದೋ ಮೇಕೆ
ತಲೆ ಎತ್ತುವುದರೊಳಗೆ ನಾನು ಆಚೆ.
ಹನ್ನೊಂದನೇ ಸೆಕೆಂಡಿಗೆ ಬಾಯಿಂದ ತಾನಾಗಿ ಹೊರಟಿತು
ದಿನಕ್ಕೆ ಅರವತ್ತು ಸಲ ಹೇಳುವುದರ ಉಳಿದರ್ಧ:
ಉಸಿರು ಬಿಡಿ.

ಪಾಸು ಫೆಬ್ರವರಿಗೆ ಮುಗಿಯುತ್ತದೆ.
ಈಗಲೇ ಕಟ್ಟಿದರೆ ಇನ್ನೂರು ರಿಯಾಯಿತಿ,
ಅಂದ ಕಿಂಡಿಯ ಹುಡುಗ, ಮೊದಲ ಸಲ ಬಾಯಿಬಿಟ್ಟು.
ಪರ್ಸು ತೆಗೆದೆ.
ಹಿಂದೆ ಪಾಲಯ್ಯ ಕೆಮ್ಮಿದ,
ಬೇಡ ಅಂತಲೋ,
ಸಾಲಿನಲ್ಲಿ ತಾನೂ ಇದ್ದೀನಿ ಅಂತಲೋ.