ರೈಟ್ ಹೇಳುವ ಮೊದಲು

ಶಿವಾಜಿನಗರದಲ್ಲಿ ಬಸ್ಸು ಬುಸುಗುಡುತ್ತ ನಿಂತಿರುವಾಗ
ಮುಂದಿನ ಬಾಗಿಲಿಂದ ಹತ್ತುತ್ತಿದ್ದರು ಆರೋಗ್ಯಮೇರಿ ಮಿಸ್.
ಕೊಡೆ ಮೊದಲು, ಆಮೇಲೆ ಅವರು.
ಮೂವತ್ತೆರಡು ವರ್ಷ ಇಂಗ್ಲಿಷು ಕಲಿಸಿ ಸವೆದ ಗಂಟಲು,
ಆದರೂ ದಿನಕ್ಕೊಂದು ಪದ ತರುತ್ತಿದ್ದರು
ಕರ್ಚೀಫಿನ ಮಡಿಕೆಯಲ್ಲಿ ಪೆಪ್ಪರಮೆಂಟಿನ ಹಾಗೆ.
‘ಇದಕ್ಕೆಷ್ಟು ಅರ್ಥ, ಹೇಳು ನೀಲವ್ವಾ.’

ನಾನು ರೋಣದವಳು. ನನ್ನ ಇಂಗ್ಲಿಷು
ಈ ಊರಿನ ಬೋರ್ಡುಗಳಿಂದ ಹೆಕ್ಕಿದ್ದು.
ಕ್ರಾಸ್ ಅಂದರೆ ನನಗೆ ಓಣಿ,
ಅವರಿಗದು ಕೊರಳ ಸರದಲ್ಲಿತ್ತು.
‘ಸಿಟ್ಟು ಅಂತಲೂ ಆಗುತ್ತೆ’ ಅಂದರು ಒಮ್ಮೆ,
ಕೋಲ್ಸ್ ಪಾರ್ಕಿನ ಹತ್ತಿರ ನಮ್ಮ ಡ್ರೈವರ್ ಮುನಿಯಲ್ಲಪ್ಪ
ಸ್ಕೂಟರಿನವನ ವಂಶಾವಳಿ ಓದುತ್ತಿದ್ದಾಗ.

ಸುಮ್ಮನಿರುವವಳಲ್ಲ ನಾನು.
‘ನಮ್ಮಲ್ಲೂ ಅದಾವ್ರೀ ಮಿಸ್. ಹತ್ತು ಅನ್ನೂದು ನೋಡ್ರಿ.
ರೂಪಾಯಿ ಹತ್ತು. ಬಸ್ ಹತ್ತು.
ಬೆಂಕಿ ಹತ್ತತೈತಿ, ದೀಪಾನೂ ಹತ್ತತೈತಿ.
ಉಂಡದ್ದು ಮೈಗೆ ಹತ್ತಬೇಕು.
ಕೂಸು ಅಳಾಕ ಹತ್ತತೈತಿ.
ಹೊಸಾ ಊರಾಗ ನಿದ್ದಿ ಹತ್ತೂದಿಲ್ಲ.’

ಕನ್ನಡಕ ಮೇಲೇರಿಸಿದರು.
‘ನಮ್ಮ ಮನೆಯಲ್ಲಿ ಪತ್ತು’ ಅಂದರು,
ಸಣ್ಣ ಡೈರಿಯಲ್ಲಿ ಏನೋ ಬರೆದುಕೊಂಡರು.
ಆಮೇಲೆ, ಡೈರಿ ಮುಚ್ಚದೆಯೇ ಕೇಳಿದರು:
‘ನಿದ್ದೆ ಈಗ ಹತ್ತುತ್ತಾ?’
ಯಾರೂ ಕೇಳಿರಲಿಲ್ಲ.
ಚೀಟಿ ಹರಿಯುವ ನೆಪದಲ್ಲಿ ಹಿಂದಿನ ಸೀಟಿಗೆ ಹೋದೆ.

ಕಂಡಕ್ಟರ್ ಅನ್ನುವುದನ್ನು ಅವರು ಹೇಳಿದ್ದು ಬಹಳ ದಿನ ತಡೆದು.
ಚರ್ಚಿನಲ್ಲಿ ಹಾಡುವವರ ಎದುರು ನಿಂತು
ಸಣ್ಣ ಕೋಲು ಆಡಿಸುವ ಮನುಷ್ಯನಿದ್ದಾನಂತೆ,
ಬಾಯಿ ಬಿಡುವುದಿಲ್ಲ, ಆದರೂ ಹಾಡು ಅವನದೇ.
ತಾಮ್ರದ ತಂತಿಗೂ ಅದೇ ಹೆಸರಂತೆ.
ತನಗೆಂದು ಒಂದು ಕಿಡಿಯನ್ನೂ ಇಟ್ಟುಕೊಳ್ಳದೆ
ಕರೆಂಟನ್ನು ದಾಟಿಸಿ ಸುಮ್ಮನಿರುವ ತಂತಿ.
ಅವತ್ತು ರಾತ್ರಿ ಡಿಪೋದಲ್ಲಿ ಹಣ ಎಣಿಸಿ ಕಟ್ಟುವಾಗ
ನನ್ನ ಬೆರಳು ನಾಣ್ಯ ನಾರುತ್ತಿದ್ದವು,
ತಂತಿಯ ವಾಸನೆ ಹೀಗೇ ಇರಬೇಕು ಅಂದುಕೊಂಡೆ.

ಇದೆಲ್ಲ ಹೆಂಗಸರೂ ದುಡ್ಡು ಕೊಡುತ್ತಿದ್ದ ಕಾಲದ್ದು.
ಒಂದು ಬೆಳಿಗ್ಗೆ ಇಪ್ಪತ್ತರ ನೋಟು ಕೊಟ್ಟರು.
‘ಚೇಂಜ್ ಇಲ್ರೀ’ ಅಂದೆ.
‘ಯಾರಿಗಿದೆ!’ ಅಂತ ನಕ್ಕರು.
ಟಿಕೆಟ್ಟಿನ ಬೆನ್ನಿಗೆ ಐದು ಅಂತ ಗೀಚಿಕೊಟ್ಟೆ.
ಇಳಿಯುವಾಗ ಲಿಂಗರಾಜಪುರದ ಸೇತುವೆ ಕೆಳಗೆ ನೂಕುನುಗ್ಗಲು,
ಅವರೂ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಆಮೇಲೆ ಫ್ರೀ ಬಂತು. ಸೊನ್ನೆ ಟಿಕೆಟ್ಟು ಕೈಗೆ ಕೊಟ್ಟರೆ
ಬೆಳಕಿಗೆ ಹಿಡಿದು ನೋಡಿದರು:
‘ಪುಕ್ಕಟೆಯೋ, ಬಿಡುಗಡೆಯೋ?’
ನಿಂತು ನಿಂತು ಮೀನಖಂಡ ಕಲ್ಲಾಗಿತ್ತು ನನಗೆ.
‘ಬಿಡುವು’ ಅಂದೆ.
‘ಅದೂ ಸರಿ, ಅದೂ ಸರಿ’ ಅನ್ನುತ್ತ ಪಕ್ಕದ ಸೀಟಿನಿಂದ ಕೊಡೆ ತೆಗೆದರು.
ಒಂದು ಸ್ಟಾಪಿನಷ್ಟು ದೂರ ಕೂತೆ.

ಹೋದ ದೀಪಾವಳಿಯಿಂದ ಅವರಿಲ್ಲ.
ಮಗಳ ಮನೆಗೆ ಹೋದರು ಅನ್ನುತ್ತಾಳೆ ಹೂವಿನವಳು.
ಮುನಿಯಲ್ಲಪ್ಪ ಬೇರೆ ಹೇಳುತ್ತಾನೆ, ಅವನಿಗೆ ಯಾರು ಹೇಳಿದರೋ.
ವಾರದ ಹಿಂದೆ ಕಾಲೇಜು ಹುಡುಗಿಯೊಬ್ಬಳು
‘ಮಿಸ್ಸಾ? ಪಾಸ್ ಆದರಂತೆ’ ಅಂದಳು.
ಯಾವ ಪಾಸು ಅಂತ ಕೇಳುವಷ್ಟರಲ್ಲಿ ಇಳಿದುಹೋದಳು.
ನನ್ನ ಕೈಯಲ್ಲಿದ್ದದ್ದು ಯಾರದೋ ತಿಂಗಳ ಪಾಸು,
ಫೋಟೋದ ಮೇಲೆ ಅರ್ಧ ಸೀಲು.

ಐದು ರೂಪಾಯಿ ಬೇರೆ ಇಟ್ಟಿದ್ದೇನೆ,
ಕೈಚೀಲದ ಒಳಪದರಿನಲ್ಲಿ, ಡಿಪೋ ಲೆಕ್ಕಕ್ಕೆ ಸಿಗದ ಹಾಗೆ.
ಲಿಂಗರಾಜಪುರದಲ್ಲಿ ಇಳಿಯುವವರೆಲ್ಲ ಇಳಿದ ಮೇಲೂ
ಸೀಟಿ ಬಾಯಲ್ಲಿಟ್ಟುಕೊಂಡು ಒಂದು ಉಸಿರು ನಿಲ್ಲುತ್ತೇನೆ.
ಕೊಡೆಯ ತುದಿ ಎಲ್ಲಾದರೂ ಕಂಡೀತು.
‘ಏನಮ್ಮಾ, ಆಫೀಸಿಗೆ ಹೋಗಬೇಕು!’ ಹಿಂದಿನಿಂದ ಯಾರೋ.

ಬಲಗಡೆ, ಸರಿ, ಹಕ್ಕು,
ಮಿಸ್ ಹೇಳಿಕೊಟ್ಟಿದ್ದು ಮೂರೂ ನೆನಪಿದೆ.
ನಾಲ್ಕನೆಯದನ್ನು ಅವರಿಗೆ ಕಲಿಸಿದವಳು ನಾನು.
ತಗಡಿಗೆ ಎರಡು ಏಟು ಬಡಿದು ಅದನ್ನೇ ಕೂಗುತ್ತೇನೆ:
ರೈಟ್, ರೈಟ್.