ಎರಡೂಕಾಲು ಜಿಬಿ

ಸುತ್ತು ಎಂದರೆ ಸುತ್ತು, ಅದರಲ್ಲಿ ಚೌಕಾಸಿ ಇಲ್ಲ.
ನಿಮಿಷಕ್ಕೆ ಏಳು ಸಾವಿರದ ಇನ್ನೂರು,
ಸೆಕೆಂಡಿಗೆ ನೂರಿಪ್ಪತ್ತು.
ಬರೆದ ಜಾಗಕ್ಕೇ ಮತ್ತೆ ಬರೆಯಬೇಕಾದರೆ
ತಟ್ಟೆ ಪೂರ್ತಿ ಒಂದು ಸುತ್ತು ಬರಬೇಕು,
ತೋಳು ಕಾಯಬೇಕು.
ಅದಕ್ಕಿಂತ ಹೆಚ್ಚು ಸಲ
'ಬರೆದೆ' ಅನ್ನುವ ಡ್ರೈವು
ಬರೆದಿಲ್ಲ.

ದುರ್ಗಿಗುಡಿಯ ಸಹಕಾರಿ ಬ್ಯಾಂಕು, ಮಹಡಿ ಮೇಲೆ
ಹಳೆ ಲಾಕರ್ ಕೋಣೆಯೇ ಈಗ ಸರ್ವರ್ ಕೋಣೆ.
ಹೊಸ ಡ್ರೈವು ಹನ್ನೆರಡು. ಪರೀಕ್ಷೆ ನನ್ನದು.
ಕ್ಯಾಶ್ ಆಫ್ ಮಾಡಿದೆ. ಆಫ್ ಆಗಿದೆಯಾ ಎಂದು
ಎರಡು ಸಲ ಕೇಳಿದೆ. ಹೌದು ಎಂದಿತು.
ಒಂದೇ ಜಾಗಕ್ಕೆ ಬರಿ ಅಂದೆ, ಬರಿ, ಬರಿ.
ಸೆಕೆಂಡಿಗೆ ಸಾವಿರದ ನೂರು ಸಲ
'ಬರೆದೆ' ಎಂದಿತು,
ನೀರು ಕುಡಿದಷ್ಟು ಸಲೀಸು.

ಯುಪಿಎಸ್ ನೋಡುವ ಶಫಿಯುಲ್ಲಾ ಕೇಳಿದ:
"ಬೇಗ ಆದ್ರೆ ಒಳ್ಳೇದಲ್ವಾ ಮೇಡಂ?"
ನಾನು ಸ್ಕ್ರೂಡ್ರೈವರಿನ ಹಿಡಿ ಕಿವಿಗೊತ್ತಿ
ತುದಿಯನ್ನು ಡ್ರೈವಿನ ಬೆನ್ನಿಗಿಟ್ಟೆ,
ಗ್ಯಾರೇಜಿನವರು ಇಂಜಿನ್ ಕೇಳುವ ಹಾಗೆ.
ಈಗ ಉದ್ದಗಲಕ್ಕೂ ಚೆಲ್ಲಾಪಿಲ್ಲಿ ಬರಿ ಅಂದೆ.
ತಟ್ಟೆಯ ಗುಂಯ್ ಇತ್ತು.
ತೋಳಿನ ಟಿಕ್ ಟಿಕ್ ಇರಲಿಲ್ಲ.
ಕೈ ಆಡಿಸದೆ ಬರೆಯುವ ಗುಮಾಸ್ತನನ್ನು
ಯಾವ ಬ್ಯಾಂಕೂ ಕಂಡಿಲ್ಲ.

ಗಡಿಯಾರ ನೋಡಿಕೊಂಡು ಕೂತೆ.
ಒಂಬತ್ತನೇ ನಿಮಿಷ ಮುಗಿಯುವಾಗ ಸಾವಿರದ ನೂರು
ಧೊಪ್ಪನೆ ಎಂಬತ್ತಕ್ಕೆ ಬಿತ್ತು.
ಮಲಗಿದ್ದ ತೋಳು ಎದ್ದು ಕಿವಿಯೊಳಗೆ
ಒಗ್ಗರಣೆಯ ಸಾಸಿವೆಯಂತೆ ಸಿಡಿಯತೊಡಗಿತು.
ತುಂಬಿತ್ತು ಜೇಬು.
ಚೀಟಿಯ ಹಿಂದೆ ಗುಣಿಸಿದೆ: ಎರಡೂಕಾಲು ಜಿಬಿ.
ಲೇಬಲ್ಲಿನಲ್ಲಿಲ್ಲ, ಕೈಪಿಡಿಯಲ್ಲಿಲ್ಲ,
ಕೇಳಿದ್ದಕ್ಕೆಲ್ಲ ತಾನಿಲ್ಲ ಎಂದ
ಉಗುರಿನಷ್ಟು ಫ್ಲಾಶು.

ಲಿಗೋರಿ ನೆನಪಾದ.
ಸಾಗರದಿಂದ ಬರುವ ಪ್ರೈವೇಟ್ ಬಸ್ಸಿನ ಕಂಡಕ್ಟರು,
ನಾನು ಕುಂಸಿಯಲ್ಲಿ ಹತ್ತಿ ಕಾಲೇಜಿಗೆ ಹೋಗುವವಳು.
ದುಡ್ಡು ಇಸಕೊಂಡು "ಆಯ್ತು, ಆಯ್ತು, ಒಳಗ್ ನಡೀರಿ" ಅನ್ನುತ್ತಿದ್ದ.
ಟಿಕೆಟ್ಟು ಹರಿಯುತ್ತಿರಲಿಲ್ಲ.
ಯಾರು ಎಲ್ಲಿ ಹತ್ತಿದರು, ಯಾರಿಗೆ ಚಿಲ್ಲರೆ ಬಾಕಿ,
ಯಾವ ಮಗುವಿಗೆ ಅರ್ಧ;
ಬಸ್ಸಿಗೆ ಬಸ್ಸೇ ಅವನ ತಲೆಯಲ್ಲಿ
ಕಂಬಿ ಹಿಡಿದು ನಿಂತಿರುತ್ತಿತ್ತು.
ಆಯನೂರಿನ ಹತ್ತಿರ ಚೆಕಿಂಗಿನವರ ಕೈ ಕಂಡರೆ
ಡ್ರೈವರು ಬ್ರೇಕು ತುಳಿಯನು, ಗೇರು ಬಿಡಿಸಿಬಿಡುವನು.
ಸುಮ್ಮನೆ ಉರುಳುವ ಆ ಇನ್ನೂರು ಗಜದೊಳಗೆ
ಹತ್ತೊಂಬತ್ತು ಟಿಕೆಟ್ಟು ಹರಿದು ಹಂಚುತ್ತಿದ್ದ.
ಚಕ್ರ ನಿಲ್ಲುವುದಕ್ಕೂ
ಕೊನೆಯದು ನನ್ನ ಕೈಗೆ ಬರುವುದಕ್ಕೂ ಸರಿ.
ತಪ್ಪಿದ್ದೇ ಇಲ್ಲ ಎನ್ನಲಾರೆ.
ಒಮ್ಮೆ ಹಾರನಹಳ್ಳಿಯ ಮುದುಕಿಗೆ ಸಿಗಲಿಲ್ಲ.
ದಂಡ ಅವನೇ ಕಟ್ಟಿದ,
ತನ್ನ ಜೇಬಿನಿಂದ, ಎಲ್ಲರೆದುರಿಗೆ ಎಣಿಸಿ.

ರಾತ್ರಿ ಹತ್ತು ನಲವತ್ತು. ಬರೆಯುತ್ತಿರುವಾಗಲೇ
ವೈರು ಕಿತ್ತೆ.
"ಯಾ ಅಲ್ಲಾ" ಎಂದ ಶಫಿಯುಲ್ಲಾ,
ಕರೆಂಟು ಹೋಗದಂತೆ ಕಾಯುವುದೇ ಅವನ ಕೆಲಸ.
ಹಸಿರು ದೀಪ ಆರಿತು. ತಟ್ಟೆ ಇನ್ನೂ ತಿರುಗುತ್ತಿತ್ತು,
ಈಗ ಅದೇ ಡೈನಮೋ.
ತನ್ನ ವೇಗವನ್ನು ತಾನೇ ತಿಂದು
ಹುಟ್ಟಿಸಿಕೊಂಡ ಚೂರು ಕರೆಂಟಿನಲ್ಲಿ
ಕೈಯಲ್ಲುಳಿದದ್ದನ್ನು ಜೇಬಿಗೆ ತುರುಕುತ್ತ
ಶ್ರುತಿ ಇಳಿದು, ಇಳಿದು,
ನಿಂತಿತು.

ಮತ್ತೆ ಹಚ್ಚಿ ಒಂದೊಂದೇ ತಾಳೆ ನೋಡಿದೆ.
'ಬರೆದೆ' ಎಂದದ್ದೆಲ್ಲ ಇತ್ತು.
ಹನ್ನೆರಡನ್ನೂ ಹೀಗೇ ಕಿತ್ತು ಹಚ್ಚಿ ಮುಗಿಸುವಾಗ
ಗೋಪಿ ಸರ್ಕಲ್ಲಿನಲ್ಲಿ ಹಾಲಿನ ವ್ಯಾನು.
ಹನ್ನೊಂದು ಸರಿ.
ಏಳನೆಯದರಲ್ಲಿ ನಾಲ್ಕು ಸಾಲು ಇಲ್ಲ.

'ಅಡಗಿಸಿದ ಕ್ಯಾಶ್ ಕಂಡುಬಂದಿದೆಯೇ?'
ಹೌದು. ಗಾತ್ರ ಬರೆದೆ.
ಏಳನೆಯದು ವಾಪಸ್ಸು.
"ಉಳಿದವು ಸುಳ್ಳು ಹೇಳಿದ್ವೋ ನಿಜ ಹೇಳಿದ್ವೋ?"
ಶಫಿಯುಲ್ಲಾ ಚಹಾ ಆರಿಸುತ್ತ ಕೇಳಿದ.
ಪೆನ್ನು ಮುಚ್ಚಿದೆ.

ಕಾಣೆಯಾದ ನಾಲ್ಕು ಸಾಲು ಬರೀ ಪರೀಕ್ಷೆಯ ಅಂಕಿ,
ಯಾರ ಖಾತೆಯದೂ ಅಲ್ಲ.
ಆದರೂ ಫಾರಂ ಮಗುಚಿ ನೋಡಿದೆ:
ದಂಡ ಯಾರು ಕಟ್ಟುತ್ತಾರೆ ಎಂದು ಬರೆಯಲು
ಖಾನೆ ಇರಲಿಲ್ಲ.