ಮರಳ ಮೇಜು

ಹಲಸೂರು ಕೆರೆಗೆ ಬೆನ್ನು ಹಾಕಿದ ಬ್ಯಾರಕ್ಕಿನ ಕೊನೆಯಲ್ಲಿ
ತಗಡು ಚಾವಣಿಯ ಒಂದು ಉದ್ದ ಕೋಣೆ.
ಅಲ್ಲಿ ಇಪ್ಪತ್ತಾರು ವರ್ಷ
ಬೆಟ್ಟ ಕಟ್ಟುವುದು ನನ್ನ ಕೆಲಸ.

ಕಣ್ಣಾರೆ ಕಾಣದ ಬೆಟ್ಟ. ಹೆಸರೂ ಇಲ್ಲ,
ನಕ್ಷೆಯಲ್ಲಿ ಬರೀ ಎತ್ತರ: ನಾಲ್ಕು ಸಾವಿರದ ಇನ್ನೂರ ಹನ್ನೊಂದು.
ಕಾಡಿಗೆ ಸಿದ್ದಾಪುರದ ಸಾಮಿಲ್ಲಿನ ಹೊಟ್ಟು,
ಹಸಿರಲ್ಲಿ ನೆನೆಸಿ ಬಿಸಿಲಿಗೆ ಹರವಿದ್ದು.
ಹಿಮಕ್ಕೆ ಕಬ್ಬನ್‌ಪೇಟೆ ಮಗ್ಗದಡಿ ಗುಡಿಸಿದ ನೂಲಿನ ಜುಂಗು.
ಎಸ್.ಪಿ. ರೋಡಿನ ಗುಲಗಂಜಿ ಬಲ್ಬು,
ಸ್ವಿಚ್ಚೊತ್ತಿದರೆ ಅವರ ಫಿರಂಗಿ ಮಿನುಗಬೇಕು.
ಹೊಳೆಗೆ ಮಾರ್ಕೆಟ್ಟಿನ ನೀಲಿ ರಂಗೋಲಿ.
"ಮನೆ ಮುಂದೆ ಎರಡೆಳೆಗೆ ಬಣ್ಣ ಇಲ್ಲ,
ನಿಮ್ಮ ದಂಡಿಗೆ ಸೇರುಗಟ್ಟಲೆ," ಪಿಳ್ಳಮ್ಮನ ಗೊಣಗು.

ಅವರು ಕೆಂಪು ಪಿನ್ನು, ನಾವು ನೀಲಿ.
ಹೊಳೆ ದಾಟುವಾಗ ನಮ್ಮವರು ಕಾಣೆಯಾಗುತ್ತಾರೆಂದು
ನಾನೇ ತಲೆಗಳಿಗೆ ಹಳದಿ ಮೆತ್ತಿದ್ದೆ.

ಮೇಜರ್ ಭಾಟಿ ಬಿದಿರುಕೋಲು ಹಿಡಿದು ಹೇಳುತ್ತಿದ್ದರು:
ಎದುರಿಂದ ನುಗ್ಗೋದು ಗೂಳಿ, ಬದಿಯಿಂದ ಬರೋದು ದಂಡು.
ಉತ್ತರದಲ್ಲಿ ಸದ್ದು ಮಾಡಿ, ದಕ್ಷಿಣದಲ್ಲಿ ಹತ್ತಿ.
ಬಯಲಲ್ಲೊಂದು ಸುಳ್ಳು ಸೇತುವೆ ಕಟ್ಟಿ,
ಅದರ ಮೇಲೆ ಖರ್ಚಾಗಲಿ ಅವರ ಗುಂಡು.
ಒಂದು ಪಾಲು ಸದಾ ಹಿಂದಿರಲಿ,
ಕೊನೆಯ ಮುಷ್ಟಿ ಬಿಚ್ಚಿದವನು ಸೋತ.
ಯುದ್ಧ ಅಂದರೆ ಶೌರ್ಯ ಅಲ್ಲ ಮಹನೀಯರೆ,
ಹೇಸರಗತ್ತೆಗಳ ಲೆಕ್ಕ.

ಕೋಲಿನ ತುದಿಯಲ್ಲಿ ಇಡೀ ಒಂದು ಬೆಟಾಲಿಯನ್ನು
ಟೀ ಬರುವಷ್ಟರಲ್ಲಿ ಕಣಿವೆ ದಾಟುತ್ತಿತ್ತು.
ಬಾಗಿಲ ಬಳಿ ನಾನು, ನೀರು ಚಿಮುಕಿಸುವ ಡಬ್ಬಿ ಹಿಡಿದು.
ಮರಳು ಒಣಗಬಾರದು,
ಒಣಗಿದರೆ ಬೆಟ್ಟ ಜಾರುತ್ತದೆ.

ಹೀಗೆ ಹನ್ನೊಂದು ಚಳಿಗಾಲ.
ಮೇಜಿನ ಮೇಲೆ ಗಡಿ ಎರಡು ಬೆರಳು ಆಚೆ ಹೋಯಿತು,
ಒಂದೂವರೆ ಬೆರಳು ಈಚೆ ಬಂತು.
ಉಳಿದ ಅರ್ಧ ಬೆರಳಿಗೆ
ಪೆರೇಡಿನಲ್ಲಿ ಬ್ಯಾಂಡು ಬಾರಿಸಿದರು.

ಇರುದಯರಾಜ ಬಂದದ್ದು ಒಂದು ಮಂಗಳವಾರ.
ಮರ್ಫಿ ಟೌನಿನ ಹುಡುಗ. ಕಂಕುಳಲ್ಲಿ ಊರುಗೋಲು,
ಎಡಗಾಲಿನ ಪ್ಯಾಂಟು ಮಡಿಸಿ ಪಿನ್ನು ಹಾಕಿತ್ತು.
ಪೆನ್ಷನ್ ಕಾಗದಕ್ಕೆ ಬಂದವನು
ಬಾಗಿಲು ತೆರೆದಿದ್ದಕ್ಕೆ ಒಳಗೆ ಬಂದ.
ಬೆಟ್ಟದ ಸುತ್ತ ಒಂದು ಸುತ್ತು ಕುಂಟಿದ.
"ಯಾರಣ್ಣ ಮಾಡಿದ್ದು?"
ನಾನೇ, ಅಂದೆ.
"ಚೆನ್ನಾಗೈತೆ."

ಆಮೇಲೆ ಕಿರುಬೆರಳು ಊರಿ
ಎಡಮಗ್ಗುಲಲ್ಲಿ ಒಂದು ಗೀರು ಎಳೆದ.
"ಇಲ್ಲಿ ಇಳಿಜಾರು ಮಾಡಿದೀಯ. ಇಳಿಜಾರಲ್ಲ, ಗೋಡೆ.
ಮೂವತ್ತಡಿ. ಮೇಲೆಲ್ಲ ಮಂಜುಗಡ್ಡೆ.
ರಾತ್ರಿ ಮೂರಕ್ಕೆ ಹದಿನೇಳು ಜನ ಅದರ ಬುಡದಲ್ಲಿ ನಿಂತ್ವಿ.
ಹತ್ತೋಕಾಗಲ್ಲ. ಪಕ್ಕಕ್ಕೆ ಸರಿದರೆ ಮೈನು.
ಬದಿಯಿಂದ ಬರ್ತೀವಿ ಅಂತ ಅವರಿಗೂ ಗೊತ್ತಿತ್ತು,
ಅಲ್ಲೂ ಒಬ್ಬ ಕೋಲು ಹಿಡಿದ ಸಾಹೇಬ ಇರ್ತಾನಲ್ಲ."

ಮರಳಿ ಬಂದವರು ಆರು.
ಲೆಕ್ಕ ಅವನು ಹೇಳಲಿಲ್ಲ, ನಾನು ಆಫೀಸಿನಲ್ಲಿ ಕೇಳಿಕೊಂಡೆ.
ಬೆರಳನ್ನು ಪ್ಯಾಂಟಿಗೆ ಒರೆಸಿ,
ಶಿವಾಜಿನಗರದ ಬಸ್ಸು ಎಲ್ಲಿ ನಿಲ್ಲುತ್ತೆ ಅಂದ. ತೋರಿಸಿದೆ.

ನಕ್ಷೆಯ ಒಂದು ಗೆರೆಗೂ ಇನ್ನೊಂದಕ್ಕೂ
ಇಪ್ಪತ್ತು ಮೀಟರು. ನಡುವೆ ಏನಿದೆ
ನಕ್ಷೆ ಹೇಳುವುದಿಲ್ಲ.
ಹೇಳದ ಕಡೆಯಲ್ಲೆಲ್ಲ ನಾನು
ಒದ್ದೆ ಅಂಗೈಯಿಂದ ಸವರಿ ನುಣುಪು ಮಾಡಿದ್ದೆ.
ನುಣುಪಿಗೆ ಒಮ್ಮೆ ಬ್ರಿಗೇಡಿಯರು ಬೆನ್ನು ತಟ್ಟಿದ್ದರು.

ಆ ರಾತ್ರಿ ಕೂತು ಬ್ಲೇಡಿನಿಂದ ಗೋಡೆ ಕಡಿದೆ.
ಬೆಳಿಗ್ಗೆ ಮೇಜರು ನೋಡಿ, ಇದೇನು ಅಂದರು. ಹೇಳಿದೆ.
ತುಂಬಾ ಹೊತ್ತು ಕೋಲನ್ನು ಬೂಟಿಗೆ ತಟ್ಟುತ್ತ ನಿಂತು,
"ಈ ಬೆಟ್ಟ ಮುಗೀತು. ಸಮ ಮಾಡು.
ಸೋಮವಾರಕ್ಕೆ ಪಕ್ಕದ್ದು ಬೇಕು."

ಮಾಡಿದೆ. ಇನ್ನೂ ಒಂಬತ್ತು ವರ್ಷ ಮಾಡಿದೆ.

ಈಗ ನಮ್ಮ ಬೀದಿಯಲ್ಲಿ ಯಾರೋ ಮೂರಂತಸ್ತು ಎಬ್ಬಿಸುತ್ತಿದ್ದಾರೆ,
ರಸ್ತೆಗೆ ಅರ್ಧ ಮರಳ ರಾಶಿ.
ಸಂಜೆ ಹುಡುಗರು ಹತ್ತುತ್ತಾರೆ, ಜಾರುತ್ತಾರೆ.
ಹಾಲು ತರಲು ಹೋದವನು ನಿಲ್ಲುತ್ತೇನೆ.
ರಾಶಿಯ ಆ ಮಗ್ಗುಲು,
ನಾನು ನಿಂತಲ್ಲಿಂದ ಕಾಣದ್ದು,
ಅದಕ್ಕೊಂದು ಸುತ್ತು ಬಂದು ನೋಡಿದ ಮೇಲೆಯೇ
ಕಾಲು ಮುಂದೆ ಬರುವುದು.